ಬಾಲ್ಕನಿಯ ಬಸಳೆ, ಟ್ಯೂಬ್‌ಲೈಟಿನ ಕೊತ್ತಂಬರಿ

ಮಂಗಳೂರಲ್ಲಿ ಮನೆಯಲ್ಲೇ ತರಕಾರಿ ಬೆಳೆಸಬೇಕು ಅನ್ನುವವರು ಮೊದಲು ನೋಡಬೇಕಾದದ್ದು ಮಳೆ ಯಾವ ಕಡೆಯಿಂದ ಹೊಡೆಯುತ್ತದೆ ಅಂತ. ಬೀಜ, ಮಣ್ಣು, ಗೊಬ್ಬರ ಎಲ್ಲ ಆಮೇಲೆ. ಇಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬರುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಕಡಲಿನ ಕಡೆಯಿಂದ ಗಾಳಿಯ ಜೊತೆ ಅಡ್ಡಕ್ಕೆ ಬರುವ ಮಳೆ ಅದು. ಪಶ್ಚಿಮದ ಬಾಲ್ಕನಿಗೆ ಜನ ಶೀಟೋ ಟಾರ್ಪಾಲೋ ಕಟ್ಟುವುದು ಸುಮ್ನೆ ಅಲ್ಲ. ಹಾಗಾಗಿ ಬೆಂಗಳೂರಿನವರು ಹೇಳುವ ಕೈತೋಟದ ಲೆಕ್ಕ ನಮ್ಮ ಊರಿಗೆ ಅರ್ಧ ಮಾತ್ರ ಹೊಂದುತ್ತದೆ.

ನಾನು ಬೆಳೆದದ್ದು ಉಡುಪಿ ಹತ್ತಿರದ ಕಟಪಾಡಿ ಕಡೆಯ ಹಂಚಿನ ಮನೆಯಲ್ಲಿ. ಅಂಗಳದ ಬದಿಯಲ್ಲಿ ಬಸಳೆ ಚಪ್ಪರ, ಬಾವಿಕಟ್ಟೆಯ ನೀರು ಹರಿಯುವಲ್ಲಿ ಕೆಸು, ದನದ ಹಟ್ಟಿಯ ಹಿಂದೆ ತೊಂಡೆಬಳ್ಳಿ. ಅಲ್ಲಿ ತರಕಾರಿ ಬೆಳೆಸುವುದು ಅಂತ ಪ್ರತ್ಯೇಕ ಕೆಲಸವೇ ಇರಲಿಲ್ಲ. ಈಗ ಇರುವುದು ಮಂಗಳೂರಿನ ಬಿಜೈ ಹತ್ತಿರದ ಫ್ಲ್ಯಾಟಿನ ಮೂರನೇ ಮಾಳಿಗೆಯಲ್ಲಿ. ಪೂರ್ವಕ್ಕೆ ಒಂದು ಬಾಲ್ಕನಿ, ದಕ್ಷಿಣಕ್ಕೆ ಅಡುಗೆಮನೆಯ ಕಿಟಕಿ, ಮೇಲೆ ಎಲ್ಲರಿಗೂ ಸೇರಿದ ಟೆರೇಸು, ಕೆಳಗೆ ಕಾಂಪೌಂಡ್ ಗೋಡೆಯ ಬದಿಯಲ್ಲಿ ಒಂದು ಪಟ್ಟಿ ನೆಲ. ಮನೆಯೊಳಗೆ ಬೆಳೆಸುವುದು ಒಳ್ಳೆಯದಾ, ಹೊರಗೆ ಬೆಳೆಸುವುದಾ ಅಂತ ಆಫೀಸಿನಲ್ಲಿ, ನೆಂಟರ ಮನೆಯಲ್ಲಿ ಎಲ್ಲರೂ ಕೇಳುತ್ತಿದ್ದರು. ಅದನ್ನು ಒಂದು ಪೂರ್ತಿ ವರ್ಷ ಮಾಡಿಯೇ ನೋಡಬೇಕು ಅಂತ ಹೊರಟೆ. ಒಂದೇ ಬೀಜದ ಪೊಟ್ಟಣದಿಂದ ಅರ್ಧ ಒಳಗೆ, ಅರ್ಧ ಹೊರಗೆ.

ಏಪ್ರಿಲ್‌ನಲ್ಲಿ ಮಾಡಿದ ಮೊದಲ ಕೆಲಸ ಬೆಳಕು ಅಳೆಯುವುದು. ಮೊಬೈಲಿನಲ್ಲಿ ಲಕ್ಸ್, ಅಂದರೆ ಬೆಳಕಿನ ಅಳತೆ, ತೋರಿಸುವ ಆ್ಯಪ್‌ಗಳು ಸಿಗುತ್ತವೆ. ತೀರಾ ನಿಖರ ಅಲ್ಲದಿದ್ದರೂ ಒಂದು ಜಾಗಕ್ಕೂ ಇನ್ನೊಂದು ಜಾಗಕ್ಕೂ ಇರುವ ವ್ಯತ್ಯಾಸ ತಿಳಿಯುತ್ತದೆ. ಮಧ್ಯಾಹ್ನದ ಬಯಲು ಬಿಸಿಲು ಸುಮಾರು 1 ಲಕ್ಷ ಲಕ್ಸ್ ಇರುತ್ತದೆ. ನಮ್ಮ ಬಾಲ್ಕನಿಯ ಕಂಬಿಯ ಹತ್ತಿರ ಬೆಳಗಿನ ಹೊತ್ತು ಅದರ ಅರ್ಧದಷ್ಟು ಸಿಕ್ಕಿತು. ಕಿಟಕಿಯ ಒಳಗಿನ ಕಟ್ಟೆಯ ಮೇಲೆ ಎರಡು ಮೂರು ಸಾವಿರ. ಊಟದ ಮೇಜಿನ ಮೇಲೆ ಇನ್ನೂರಕ್ಕೂ ಕಡಿಮೆ. ನಮ್ಮ ಕಣ್ಣಿಗೆ ಆ ಮೇಜು ಬೆಳಕಿನಲ್ಲೇ ಇದೆ, ಅಲ್ಲಿ ಕೂತು ಪೇಪರ್ ಓದಬಹುದು. ಗಿಡಕ್ಕೆ ಅದು ಕತ್ತಲೆ. ಒಳಗೆ ಬೆಳೆಸುವುದು, ಹೊರಗೆ ಬೆಳೆಸುವುದು ಅಂತ ನಾವು ಹೇಳುವ ವ್ಯತ್ಯಾಸದಲ್ಲಿ ಮುಕ್ಕಾಲು ಪಾಲು ಈ ಅಂಕಿಗಳಲ್ಲೇ ಇದೆ.

ದಿಕ್ಕಿನ ವಿಷಯ ಇನ್ನೂ ಸ್ವಲ್ಪ ಹೇಳಬೇಕು, ಯಾಕೆಂದರೆ ಪುಸ್ತಕಗಳಲ್ಲಿ ದಕ್ಷಿಣದ ಕಿಟಕಿ ಅತ್ಯುತ್ತಮ ಅಂತ ಬರೆದಿರುತ್ತಾರೆ. ಅದು ದೂರದ ಚಳಿ ದೇಶಗಳಿಗೆ ಸರಿ. ಮಂಗಳೂರು ಇರುವುದು ಉತ್ತರ ಅಕ್ಷಾಂಶ 13 ಡಿಗ್ರಿಯ ಹತ್ತಿರ. ಏಪ್ರಿಲ್ ಕೊನೆಗೆ ಒಮ್ಮೆ, ಆಗಸ್ಟ್ ನಡುವಿಗೆ ಇನ್ನೊಮ್ಮೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ಅದರ ನಡುವಿನ ತಿಂಗಳುಗಳಲ್ಲಿ ಉತ್ತರಕ್ಕೆ ವಾಲಿರುತ್ತಾನೆ. ಆಗ ನಮ್ಮ ದಕ್ಷಿಣದ ಕಿಟಕಿಗೆ ನೇರ ಬಿಸಿಲೇ ಇಲ್ಲ. ನವರಾತ್ರಿ ಕಳೆದ ಮೇಲೆ ನೋಡಿದರೆ ಅದೇ ಕಿಟಕಿಯಿಂದ ಬಿಸಿಲು ಒಲೆಯವರೆಗೆ ಚಾಚಿರುತ್ತದೆ. ಪೂರ್ವದ ಬಾಲ್ಕನಿಗೆ ವರ್ಷವಿಡೀ ಬೆಳಗಿನ ಬಿಸಿಲುಂಟು, ಮಳೆಗಾಲದಲ್ಲಿ ಎರಚಲೂ ಕಡಿಮೆ. ನಮ್ಮ ಕರಾವಳಿಯಲ್ಲಿ ಫ್ಲ್ಯಾಟ್ ನೋಡುವಾಗ ಗಿಡದ ಆಸೆ ಇರುವವರು ಪೂರ್ವದ ಬಾಲ್ಕನಿ ಕೇಳಿ ತೆಗೆದುಕೊಳ್ಳಿ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಟೆರೇಸಿನದ್ದು ಬೇರೆಯೇ ಕಥೆ. ಮಂಗಳೂರಿನ ಹೆಚ್ಚಿನ ಕಟ್ಟಡಗಳಂತೆ ನಮ್ಮಲ್ಲೂ ಸೋರುವುದು ಬೇಡ ಅಂತ ಟೆರೇಸಿಗೆ ಶೀಟ್ ಹಾಕಿದ್ದಾರೆ. ಬಟ್ಟೆ ಒಣಗಿಸಲು, ಹಪ್ಪಳ ಹಾಕಲು ಅದು ಒಳ್ಳೆಯದೇ. ಗಿಡಕ್ಕೆ ಬೇಕಾದ ಬಿಸಿಲು ಮಾತ್ರ ಅಲ್ಲಿ ಇಲ್ಲ. ನೀರಿನ ಟ್ಯಾಂಕಿನ ಪಕ್ಕ ಶೀಟ್ ಇಲ್ಲದ ಒಂದು ಮೂಲೆ ಇತ್ತು. ಅದನ್ನು ಬಳಸಲು ಅಸೋಸಿಯೇಷನ್‌ನವರ ಹತ್ತಿರ ಕೇಳಿದೆ. ಅವರ ಹೆದರಿಕೆ ನ್ಯಾಯವಾದದ್ದೇ: ಭಾರ ಮತ್ತು ಸೋರಿಕೆ. 12 ಇಂಚಿನ ಗ್ರೋ ಬ್ಯಾಗ್ ಮಣ್ಣು ತುಂಬಿ ಒದ್ದೆಯಾದರೆ ಒಬ್ಬರಿಂದ ಎತ್ತುವುದು ಕಷ್ಟ. ಹಾಗಾಗಿ ಚೀಲಗಳನ್ನು ನೆಲಕ್ಕೆ ತಾಗಿಸದೆ ಕಬ್ಬಿಣದ ಸ್ಟ್ಯಾಂಡಿನ ಮೇಲೆ, ಕೆಳಗೆ ಕಾಂಕ್ರೀಟ್ ಬೀಮ್ ಇರುವ ಗೋಡೆಯ ಬದಿಗೆ ಮಾತ್ರ ಇಡುತ್ತೇನೆ ಅಂತ ಒಪ್ಪಿಸಿದೆ. ಸ್ಟ್ಯಾಂಡಿನ ಕೆಳಗೆ ಕಸಬರಿಕೆ ಹೋಗುವಷ್ಟು ಜಾಗ ಇರಬೇಕು ಅನ್ನುವುದು ಅವರ ಶರತ್ತು. ಅದು ಗಿಡಕ್ಕೂ ಒಳ್ಳೆಯದೇ ಆಯಿತು, ಬೇರಿಗೆ ಗಾಳಿ ಸಿಕ್ಕಿತು.

ಮಣ್ಣಿನ ಮಿಶ್ರಣಕ್ಕೆ ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ತೆಂಗಿನ ನಾರಿನ ಹುಡಿ, ಒಂದು ಪಾಲು ಹಳೆಯ ಹಟ್ಟಿಗೊಬ್ಬರ. ನಾರಿನ ಹುಡಿಯಲ್ಲಿ ಉಪ್ಪಿನಂಶ ಇರುತ್ತದೆ, ಅದನ್ನು ನೆನೆಸಿ ಕಂದು ನೀರು ತಿಳಿಯಾಗುವವರೆಗೆ ತೊಳೆಯಬೇಕು. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆಯ) ಮಣ್ಣು ಹುಳಿ, ಅಂದರೆ ಆಮ್ಲೀಯ ಮಣ್ಣು. ಮಳೆಯಲ್ಲಿ ತೊಳೆದು ತೊಳೆದು ಅದರಲ್ಲಿ ಸುಣ್ಣದ ಸತ್ವ ಉಳಿದಿರುವುದಿಲ್ಲ. ಗೊಬ್ಬರ ಸೇರಿಸುವ ಎರಡು ವಾರ ಮೊದಲೇ ಸ್ವಲ್ಪ ಕೃಷಿಸುಣ್ಣ ಬೆರೆಸಿಟ್ಟೆ. ಅಮ್ಮ ಕಟಪಾಡಿಯಿಂದ ಒಂದು ಗೋಣಿ ಸುಡುಮಣ್ಣು ಕಳಿಸಿದರು. ತರಗೆಲೆ, ಕಸಕಡ್ಡಿ, ಮಣ್ಣು ಒಂದರ ಮೇಲೊಂದು ರಾಶಿ ಹಾಕಿ, ಬೆಂಕಿ ಉರಿಯದೆ ಹೊಗೆಯಾಡುತ್ತಾ ಸುಡುವಂತೆ ಮಾಡಿದರೆ ಆಗುವ ಮಣ್ಣು ಅದು. ಅದರಲ್ಲಿ ಬೂದಿಯ ಪೊಟ್ಯಾಷ್ ಇರುತ್ತದೆ, ಕಳೆಬೀಜ ಮತ್ತು ಹುಳದ ಮೊಟ್ಟೆಗಳು ಸತ್ತಿರುತ್ತವೆ. ಫ್ಲ್ಯಾಟಿನಲ್ಲಿ ಅದನ್ನು ಮಾಡುವ ಹಾಗಿಲ್ಲ. ಊರಿನಲ್ಲಿ ಮನೆ ಇರುವವರು ತರಿಸಿಕೊಳ್ಳಿ. ಅಂಗಡಿಯ ಯಾವ ಚೀಲದ ಮಣ್ಣೂ ಬಸಳೆಗೆ ಅದರ ಸಮ ಅಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಒಳಗೆ ಊಟದ ಕೋಣೆಯ ಗೋಡೆಗೆ ಒರಗಿಸಿ ಒಂದು ಸ್ಟೀಲಿನ ರ‍್ಯಾಕ್ ಇಟ್ಟೆ. ಒಂದು ಅಡ್ಡಪಟ್ಟಿಯ ಕೆಳಗೆ 20 ವ್ಯಾಟಿನ ಎರಡು ಎಲ್‌ಇಡಿ ಟ್ಯೂಬ್, ಬಿಳಿ ಬೆಳಕಿನವು. ಪೆಟ್ಟಿಗೆಯಲ್ಲಿ ಬೆಳಕಿನ ಬಣ್ಣದ ಅಳತೆ 6500ಕೆ ಅಂತ ಬರೆದಿರುತ್ತದೆ. ನೇರಳೆ ಬಣ್ಣದ ದುಬಾರಿ ಗ್ರೋ ಲೈಟ್ ಸೊಪ್ಪಿಗೆ ಬೇಕಾಗಿಲ್ಲ. ಟ್ಯೂಬಿನಿಂದ ಒಂದು ಗೇಣು ಕೆಳಗೆ ಆರೇಳು ಸಾವಿರ ಲಕ್ಸ್ ಸಿಗುತ್ತದೆ. ಎರಡು ಗೇಣು ಕೆಳಗೆ ಇಳಿಸಿದರೆ ಬೆಳಕು ತೀರಾ ತಗ್ಗುತ್ತದೆ. ಟೈಮರ್ ಹಾಕಿ ದಿನಕ್ಕೆ 14 ಗಂಟೆ ಉರಿಸಿದೆ. ಎರಡೂ ಸೇರಿ 40 ವ್ಯಾಟ್, ದಿನಕ್ಕೆ ಅರ್ಧ ಯೂನಿಟಿಗಿಂತ ಸ್ವಲ್ಪ ಜಾಸ್ತಿ. ತಿಂಗಳಿಗೆ ಸುಮಾರು 17 ಯೂನಿಟ್. ಕರೆಂಟ್ ಬಿಲ್ ನೋಡಿ ಗಾಬರಿ ಪಡುವಷ್ಟು ಅಲ್ಲ. ಆದರೆ ಅದೇ 17 ಯೂನಿಟಿನ ಬದಲು ಬಾಲ್ಕನಿಯ ಬಿಸಿಲು ಪೂರ್ತಿ ಉಚಿತ ಅನ್ನುವುದನ್ನೂ ಮರೆಯಬಾರದು.

ಪತ್ತನಾಜೆಯ ಆಸುಪಾಸಿನಲ್ಲಿ, ಅಂದರೆ ಮೇ 24ರ ಹೊತ್ತಿಗೆ, ಮಳೆಗಾಲದ ತರಕಾರಿ ಬೀಜ ಹಾಕುವುದು ತುಳುನಾಡಿನ ಪದ್ಧತಿ. ಯಕ್ಷಗಾನ ಮೇಳಗಳು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ದಿನವೂ ಅದೇ. ಬೆಂಡೆ, ಹೀರೆ, ಮುಳ್ಳುಸೌತೆ, ಅಲಸಂಡೆ, ಪಡುವಲ ಎಲ್ಲ ಆಗಲೇ ಬಿತ್ತಿ ಚೌತಿಯ ಹೊತ್ತಿಗೆ ಕೊಯ್ಯುವುದು. ನಾನೂ ಟೆರೇಸಿನ ಚೀಲಗಳಿಗೆ ಊರಿನ ಬಿಳಿ ಬೆಂಡೆ ಮತ್ತು ಹೀರೆ ಹಾಕಿದೆ. ಬಾಲ್ಕನಿಗೆ ಬಸಳೆ, ಹರಿವೆ. ರ‍್ಯಾಕಿನಲ್ಲಿ ಇದೇ ನಾಲ್ಕರ ಒಂದೊಂದು ಕುಂಡ, ಜೊತೆಗೆ ಕೊತ್ತಂಬರಿ, ಮೆಂತ್ಯ, ಪುದೀನ, ಟೊಮೆಟೊ. ಕೆಳಗಿನ ಪಟ್ಟಿ ನೆಲದಲ್ಲಿ ಕೆಸು, ಶುಂಠಿ, ಒಂದೆಲಗ.

ಮೊದಲ ಮಳೆಗೆ ಟೆರೇಸಿನ ಬೆಂಡೆ ಎದ್ದು ನಿಂತ ರೀತಿ ನೋಡಬೇಕಿತ್ತು. ರ‍್ಯಾಕಿನ ಬೆಂಡೆ ಅದೇ ಹೊತ್ತಿಗೆ ಸಪೂರ ದಂಟಾಗಿ, ಎಲೆ ಚಿಕ್ಕದಾಗಿ, ಟ್ಯೂಬಿಗೆ ತಲೆ ತಾಗಿಸಿ ನಿಂತಿತ್ತು. ಬಸಳೆಯದ್ದೂ ಹಾಗೇ. ಎರಡು ಎಲೆಯ ನಡುವಿನ ಗೆಣ್ಣು ಬಾಲ್ಕನಿಯಲ್ಲಿ ಎರಡು ಬೆರಳು, ಒಳಗೆ ಒಂದು ಗೇಣು. ಎಲೆ ಕಿವುಚಿದರೆ ಲೋಳೆಯೂ ಇಲ್ಲ. ಅಮ್ಮ ಬಂದವರು ನೋಡಿ, "ಬಸಳೆಗೆ ಬಿಸಿಲು ಬೇಕು ಮಗಾ, ಗಾಳಿಯೂ ಬೇಕು. ಇದನ್ನು ಇಲ್ಲಿ ಇಟ್ಟು ಎಂತ ಮಾಡುದು?" ಅಂತ ಕೇಳಿದರು. ಅವರ ಮಾತು ಸರಿ ಅಂತ ಆಗಲೇ ಕಾಣುತ್ತಿತ್ತು. ಬೆಂಡೆ, ಹೀರೆ, ಬಸಳೆ, ತೊಂಡೆ, ಈ ಊರ ತರಕಾರಿ ಯಾವುದೂ ಟ್ಯೂಬ್‌ಲೈಟಿಗೆ ಒಗ್ಗುವುದಿಲ್ಲ. ಕಾಯಿ ಬಿಡಬೇಕಾದ ಗಿಡಕ್ಕೆ ಸೊಪ್ಪಿಗಿಂತ ಎಷ್ಟೋ ಪಟ್ಟು ಬೆಳಕು ಬೇಕು.

ಆಟಿ ತಿಂಗಳು, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತುಳು ತಿಂಗಳು, ಶುರುವಾದಾಗ ಚಿತ್ರ ತಿರುಗಿತು. ಮೋಡ ಮುಚ್ಚಿದ ಮಧ್ಯಾಹ್ನ ಬಾಲ್ಕನಿಯಲ್ಲೇ ನಾಲ್ಕೈದು ಸಾವಿರ ಲಕ್ಸ್ ಮಾತ್ರ. ಹರಿವೆ ಬುಡದಲ್ಲೇ ಕೊಳೆಯಿತು. ಬಸಳೆಯ ಎಲೆಯಲ್ಲಿ ಕೆಂಪು ಅಂಚಿನ ಚುಕ್ಕೆಗಳು ಬಂದವು. ಟೆರೇಸಿನ ಚೀಲಗಳಲ್ಲಿ ಗೊಬ್ಬರದ ಸತ್ವ ನೀರಿನ ಜೊತೆ ಕೆಳಗಿನ ತೂತಿನಿಂದ ಹರಿದು ಹೋಗಿ ಎಲೆ ಹಳದಿಯಾಯಿತು. ಇಂಥ ಹೊತ್ತಿನಲ್ಲಿ ದ್ರವಗೊಬ್ಬರ ಹಾಕಿ ಪ್ರಯೋಜನ ಇಲ್ಲ, ಹಾಕಿದ ಗಂಟೆಯೊಳಗೆ ಅದು ಚರಂಡಿಯಲ್ಲಿ ಇರುತ್ತದೆ. ಚೀಲದ ಬಾಯಿಗೆ ತೆಂಗಿನ ಸಿಪ್ಪೆ ಕವುಚಿ ಹಾಕಿ, ಅದರ ಅಡಿಯಲ್ಲಿ ಹುಡಿ ಮಾಡಿದ ಕಡಲೆಹಿಂಡಿ ಮತ್ತು ಬೇವಿನ ಹಿಂಡಿ ಸ್ವಲ್ಪ ಸ್ವಲ್ಪವೇ ಕೊಟ್ಟೆ. ಸಿಪ್ಪೆ ಮಳೆಯ ಹೊಡೆತವನ್ನು ತಡೆಯಿತು. ಹದಿನೈದು ದಿನದಲ್ಲಿ ಹೊಸ ಎಲೆ ಹಸಿರಾಗಿ ಬಂತು.

ಅದೇ ಆಟಿಯಲ್ಲಿ ಒಳಗಿನ ರ‍್ಯಾಕಿನಲ್ಲಿ ಕೊತ್ತಂಬರಿ ಪರಿಮಳ ಬಿಡುತ್ತಿತ್ತು! ಮಂಗಳೂರಿನಲ್ಲಿ ಮಳೆಗಾಲಕ್ಕೆ ಕೊತ್ತಂಬರಿ ಬೆಳೆಸಿದ್ದೇನೆ ಅಂದರೆ ಯಾರೂ ನಂಬುವುದಿಲ್ಲ. ಇಲ್ಲಿ ಅದು ಘಟ್ಟದ ಮೇಲಿನಿಂದ ಲಾರಿಯಲ್ಲಿ ಬರುವ ಸೊಪ್ಪು, ಘಾಟಿಯಲ್ಲಿ ಗುಡ್ಡ ಕುಸಿದರೆ ಬೆಲೆ ಏರುವ ಸೊಪ್ಪು. ಬೀಜವನ್ನು ಲಟ್ಟಣಿಗೆಯಲ್ಲಿ ಮೆಲ್ಲ ಉರುಳಿಸಿ ಎರಡು ಹೋಳು ಮಾಡಿ, ಒಂದು ರಾತ್ರಿ ನೆನೆಸಿ ಬಿತ್ತಬೇಕು. ಮೊಳೆಯಲು ಒಂದು ವಾರ ಮೇಲೆ ಬೇಕು, ಅವಸರ ಮಾಡಬಾರದು. ಅಂಗೈಯಷ್ಟು ಎತ್ತರ ಆದಾಗ ಕತ್ತರಿಯಲ್ಲಿ ಮೇಲಿಂದ ಕತ್ತರಿಸಿಕೊಂಡರೆ ಮತ್ತೆ ಒಂದೆರಡು ಸಲ ಚಿಗುರುತ್ತದೆ. ಎಲೆ ಅಂಗಡಿಯದ್ದಕ್ಕಿಂತ ತೆಳು, ಆದರೆ ಸಾರಿಗೆ ಹಾಕಿದಾಗ ಪರಿಮಳದಲ್ಲಿ ಏನೂ ಕಡಿಮೆ ಇಲ್ಲ. ಮೆಂತ್ಯವೂ ಚೆನ್ನಾಗಿ ಬಂತು. ಅಲ್ಲಿಂದ ನನಗೆ ಲೆಕ್ಕ ಸಿಕ್ಕಿತು: ಊರ ತರಕಾರಿಗೆ ಹೊರಗಿನ ಜಾಗ, ಮಳೆಗಾಲದಲ್ಲಿ ಘಟ್ಟದ ಸೊಪ್ಪಿಗೆ ಒಳಗಿನ ಜಾಗ.

ಟೊಮೆಟೊ ಮಾತ್ರ ಎರಡು ಕಡೆಯೂ ಸೋತಿತು. ಒಳಗೆ ಹೂ ಬಂದು ಉದುರಿತು. ಹೊರಗೆ, ಬಾಲ್ಕನಿಯಲ್ಲಿ ನೆಟ್ಟದ್ದು ಎದೆಯೆತ್ತರ ಬೆಳೆದು, ಒಂದು ಮಧ್ಯಾಹ್ನ ನೀರಿದ್ದರೂ ಹಸಿರಾಗಿಯೇ ಜೋತುಬಿತ್ತು. ಅದು ಯಾವ ರೋಗ ಅಂತ ಮನೆಯಲ್ಲೇ ತಿಳಿಯುವ ಒಂದು ಪರೀಕ್ಷೆ ಉಂಟು. ಬುಡದ ಹತ್ತಿರ ದಂಟನ್ನು ಅಡ್ಡಕ್ಕೆ ಕತ್ತರಿಸಿ, ಗಾಜಿನ ಲೋಟದಲ್ಲಿ ತಿಳಿನೀರು ತೆಗೆದುಕೊಂಡು, ಕತ್ತರಿಸಿದ ತುದಿ ಮಾತ್ರ ನೀರಿಗೆ ತಾಗುವಂತೆ ಹಿಡಿಯಬೇಕು. ಕಿಟಕಿಯ ಬೆಳಕಿಗೆ ಎದುರಾಗಿ ಹಿಡಿದು ಅಲುಗಾಡಿಸದೆ ಕಾದೆ. ಸ್ವಲ್ಪ ಹೊತ್ತಿನಲ್ಲಿ ದಂಟಿನ ತುದಿಯಿಂದ ಹಾಲಿನ ಬಣ್ಣದ ಸಣ್ಣ ಎಳೆಯೊಂದು ಕೆಳಗೆ ಇಳಿಯತೊಡಗಿತು. ಆಮೇಲೆ ಇನ್ನೊಂದು. ಕೊನೆಗೆ ಲೋಟದ ನೀರೇ ಮಬ್ಬಾಯಿತು. ಅದು ಬ್ಯಾಕ್ಟೀರಿಯಾದಿಂದ ಬರುವ ಸೊರಗು ರೋಗ. ನಮ್ಮ ಕರಾವಳಿಯ ಬಿಸಿ, ತೇವ, ಹುಳಿ ಮಣ್ಣು ಅದಕ್ಕೆ ತುಂಬಾ ಇಷ್ಟ. ಬದನೆ, ಮೆಣಸು, ಟೊಮೆಟೊ ಒಂದೇ ಕುಟುಂಬದವು, ಮೂರಕ್ಕೂ ತಗಲುತ್ತದೆ. ಸಿಂಪಡಿಸಿ ವಾಸಿ ಮಾಡುವ ಔಷಧಿ ಇಲ್ಲ. ಆ ಚೀಲದ ಮಣ್ಣನ್ನು ಬೇರೆ ಚೀಲಕ್ಕೆ ಬೆರೆಸಬಾರದು. ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಅನ್ನುವ ಟೊಮೆಟೊ ತಳಿಗೆ ಈ ರೋಗ ತಡೆಯುವ ಶಕ್ತಿ ಇದೆ. ಬದನೆಯನ್ನು ಸುಂಡೆಕಾಯಿ ಗಿಡದ ಬೇರಿಗೆ ಕಸಿ ಕಟ್ಟಿದರೂ ತಡೆದುಕೊಳ್ಳುತ್ತದೆ. ಆದರೂ ನಮ್ಮಲ್ಲಿ ರಾತ್ರಿಯೂ ಸೆಕೆ ಇರುವುದರಿಂದ ಟೊಮೆಟೊ ಕಾಯಿ ಕಚ್ಚುವುದು ಕಡಿಮೆ. ಚಳಿಗಾಲದ ಎರಡು ಮೂರು ತಿಂಗಳು ಬಿಟ್ಟರೆ ಆ ಜಾಗವನ್ನು ಬೆಂಡೆಗೆ ಕೊಡುವುದು ಮೇಲು.

ಕೀಟಗಳ ವಿಷಯದಲ್ಲಿ ಒಳಗೆ ಸುಖ ಅಂತ ಎಲ್ಲರೂ ತಿಳಿದಿರುತ್ತಾರೆ. ಹಾಗೇನೂ ಇಲ್ಲ. ರ‍್ಯಾಕಿನ ಪುದೀನಕ್ಕೆ ಸಸ್ಯಹೇನು ಬಂದಾಗ ಅದು ಬೆಳೆದ ವೇಗ ನೋಡಿದರೆ ಬಾಲ್ಕನಿ ಎಷ್ಟೋ ವಾಸಿ. ಹೊರಗೆ ಗುಲಗಂಜಿ ಹುಳು ಬರುತ್ತದೆ, ಅದರ ಮರಿಗಳು ದಿನವಿಡೀ ಹೇನು ತಿನ್ನುತ್ತವೆ. ಒಳಗೆ ತಿನ್ನುವವರು ಯಾರೂ ಇಲ್ಲ, ನಾವೇ ತೊಳೆಯಬೇಕು. ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಅದು ಬೆರೆಯಲು ಸ್ವಲ್ಪ ಸೋಪಿನ ನೀರು, ಸಂಜೆ ಹೊತ್ತಿಗೆ ಎಲೆಯ ಅಡಿಭಾಗಕ್ಕೆ ಸಿಂಪಡಿಸಿದೆ. ತೇವದ ನಾರಿನ ಹುಡಿಯಿಂದ ಏಳುವ ಸಣ್ಣ ಕರಿ ನೊಣಗಳದ್ದು ಇನ್ನೊಂದು ಕಾಟ. ಮಳೆಗಾಲದಲ್ಲಿ ಮನೆಯ ಗಾಳಿಯೇ ಒದ್ದೆ, ಕುಂಡ ಒಣಗುವುದೇ ಇಲ್ಲ. ಮೇಲಿಂದ ನೀರು ಹಾಕುವುದನ್ನು ಬಿಟ್ಟು, ತಟ್ಟೆಯಲ್ಲಿ ನೀರಿಟ್ಟು ಕುಂಡ ಅದನ್ನು ಹೀರಿದ ಮೇಲೆ ತಟ್ಟೆ ಬರಿದು ಮಾಡಿದೆ. ಮೇಲ್ಪದರ ಒಣಗಿದ ಮೇಲೆ ನೊಣ ಹೋಯಿತು.

ಈ ತಟ್ಟೆ ಬರಿದು ಮಾಡುವುದನ್ನು ಮಂಗಳೂರಿನವರಿಗೆ ಎಷ್ಟು ಸಲ ಹೇಳಿದರೂ ಸಾಲದು. 2019ರ ಮಳೆಗಾಲದಲ್ಲಿ ಇಲ್ಲಿ ಡೆಂಗ್ಯೂ ಹಬ್ಬಿದಾಗ ಮನೆ ಮನೆಯ ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ಟ್ರೇ ಎಲ್ಲ ನೋಡುವ ಪರಿಸ್ಥಿತಿ ಬಂದಿತ್ತು. ಡೆಂಗ್ಯೂ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಒಂದು ವಾರ, ಹತ್ತು ದಿನ ಸಾಕು. ಮನಿ ಪ್ಲಾಂಟನ್ನು ಬಾಟಲಿ ನೀರಿನಲ್ಲಿ ಇಡುವವರು ವಾರಕ್ಕೊಮ್ಮೆ ನೀರು ಚೆಲ್ಲಿ ಬಾಟಲಿ ಉಜ್ಜಿ ತೊಳೆಯಲೇಬೇಕು, ಯಾಕೆಂದರೆ ಮೊಟ್ಟೆ ಗಾಜಿಗೆ ಅಂಟಿರುತ್ತದೆ.

ಅಂದ ಹಾಗೆ ಒಳಗಿನ ಗಿಡಗಳು ಮನೆಯ ಗಾಳಿ ಶುದ್ಧ ಮಾಡುತ್ತವೆ ಅಂತ ನರ್ಸರಿಗಳಲ್ಲಿ ಹೇಳುತ್ತಾರೆ. 1989ರಲ್ಲಿ ನಾಸಾ ಮಾಡಿದ ಪ್ರಯೋಗದಿಂದ ಬಂದ ಮಾತು ಅದು. ಆ ಪ್ರಯೋಗ ನಡೆದದ್ದು ಗಾಳಿಯಾಡದ ಮುಚ್ಚಿದ ಪೆಟ್ಟಿಗೆಯಲ್ಲಿ. ಕಿಟಕಿ ತೆರೆದಿಡುವ ನಮ್ಮ ಮನೆಗಳಲ್ಲಿ ನಾಲ್ಕು ಕುಂಡದಿಂದ ಅಂಥದ್ದೇನೂ ಆಗುವುದಿಲ್ಲ. ನೋಡಲು ಚಂದ ಅಂತ ಇಡಿ, ಅಷ್ಟು ಕಾರಣ ಸಾಕು.

ಕೆಳಗಿನ ಪಟ್ಟಿ ನೆಲದಲ್ಲಿ ಮಳೆಗಾಲದ ನಿಜವಾದ ಶತ್ರು ಆಫ್ರಿಕನ್ ಬಸವನಹುಳು. ಅಂಗೈಯಷ್ಟು ದೊಡ್ಡದಾಗುತ್ತದೆ, ಒಂದೇ ರಾತ್ರಿಗೆ ಒಂದೆಲಗದ ಮಡಿ ಬರಿದು. ಸಂಜೆ ಒದ್ದೆ ಗೋಣಿ ಹಾಸಿ ಅದರ ಕೆಳಗೆ ಪಪ್ಪಾಯಿ ಎಲೆ ಇಟ್ಟರೆ ಅಲ್ಲಿ ಬಂದು ಸೇರುತ್ತವೆ. ರಾತ್ರಿ ಟಾರ್ಚ್ ಹಿಡಿದು ಹೆಕ್ಕುತ್ತಿದ್ದೆ. ಕೆಳಗಿನ ಮನೆಯ ಆಂಟಿ ಕಿಟಕಿಯಿಂದ, "ಎಂತ ಮಾರಾಯ್ತಿ, ಇಷ್ಟು ಹೊತ್ತಿಗೆ ಎಂತ ಹುಡುಕುದು?" ಅಂತ ಕೇಳಿ, ಮರುದಿನದಿಂದ ಅವರೂ ಬಕೆಟ್ ಹಿಡಿದು ಬಂದರು. ಬರಿಗೈಯಲ್ಲಿ ಮುಟ್ಟಬಾರದು, ಮನುಷ್ಯರ ಮೆದುಳಿಗೆ ತೊಂದರೆ ಮಾಡುವ ಹುಳದ ಮರಿಗಳು ಅದರ ಲೋಳೆಯಲ್ಲಿ ಇರಬಹುದು. ಗ್ಲೌಸ್ ಹಾಕಿ, ಗಟ್ಟಿ ಉಪ್ಪುನೀರಿನ ಬಕೆಟಿಗೆ ಹಾಕಬೇಕು. ಮಡಿಗೇ ಉಪ್ಪು ಚೆಲ್ಲಿದರೆ ಗಿಡ ಸಾಯುತ್ತದೆ. ಅಲ್ಲಿಯ ಒಂದೆಲಗ ಹಸಿಯಾಗಿ ತಂಬುಳಿಗೆ ಹೋಗುವ ಸೊಪ್ಪು, ಹಾಗಾಗಿ ಎಲೆ ಎಲೆ ಬಿಡಿಸಿ ತೊಳೆದೆವು. ಕೆಸುವಿಗೆ ಮಾತ್ರ ಏನೂ ಆಗಲಿಲ್ಲ. ಆಟಿಯಲ್ಲಿ ನಮ್ಮ ಕಟ್ಟಡದ ಹೆಚ್ಚಿನ ಮನೆಗಳಿಗೆ ಪತ್ರೊಡೆಗೆ ಎಲೆ ಅಲ್ಲಿಂದಲೇ ಹೋಯಿತು.

ಹೀರೆ ಹೂ ಬಿಡುವ ಹೊತ್ತಿನಲ್ಲಿ ಇನ್ನೊಂದು ವಿಷಯ ಗೊತ್ತಾಯಿತು. ಹೂ ತುಂಬಾ, ಮಿಡಿ ಉದುರುತ್ತಿತ್ತು. ಹೀರೆಯ ಹೂ ಅರಳುವುದು ಸಂಜೆ. ನಾಲ್ಕು ಮಾಳಿಗೆ ಮೇಲೆ, ಮಳೆಯಲ್ಲಿ, ಆ ಹೊತ್ತಿಗೆ ಹುಳ ಹುಪ್ಪಟೆ ಬರುವುದು ಕಡಿಮೆ. ಸಂಜೆ ಆರು ಗಂಟೆ ಕಳೆದ ಮೇಲೆ ಟೆರೇಸಿಗೆ ಹೋಗಿ ಗಂಡು ಹೂವೊಂದನ್ನು ಕಿತ್ತು, ಹಳದಿ ಪಕಳೆ ಹಿಂದಕ್ಕೆ ಬಗ್ಗಿಸಿ, ನಡುವಿನ ಪರಾಗವನ್ನು ಹೆಣ್ಣು ಹೂವಿನ ನಡುವೆ ಮೆಲ್ಲ ಸವರುತ್ತಿದ್ದೆ. ಹೆಣ್ಣು ಹೂವಿನ ಹಿಂದೆ ಬೆರಳಿನಷ್ಟು ಪುಟ್ಟ ಹೀರೆಕಾಯಿ ಇರುತ್ತದೆ, ಗೊತ್ತು ಹಿಡಿಯುವುದು ಸುಲಭ. ಸವರಿದ ಮಿಡಿ ಎರಡು ದಿನದಲ್ಲಿ ತಲೆ ಕೆಳಗೆ ಮಾಡಿ ಉದ್ದವಾಗತೊಡಗುತ್ತದೆ. ಸವರದ್ದು ಹಳದಿಯಾಗಿ ಬೀಳುತ್ತದೆ. ಇದನ್ನು ನೋಡಿದ ಮೇಲೆ ನನಗೆ ಹೊರಗಿನ ತೋಟವೇ ಇಷ್ಟ ಅನ್ನುವುದರಲ್ಲಿ ಸಂಶಯ ಉಳಿಯಲಿಲ್ಲ. ರ‍್ಯಾಕ್ ಸೊಪ್ಪು ಕೊಡುತ್ತದೆ, ಇಂಥ ಸಂಜೆ ಕೊಡುವುದಿಲ್ಲ.

ಹಾಗಂತ ರ‍್ಯಾಕಿನ ದೊಡ್ಡ ಉಪಯೋಗ ಗೊತ್ತಾದದ್ದು ಆಗಸ್ಟ್ ಕೊನೆಗೆ. ನಮ್ಮ ಕಟಪಾಡಿ ಪಕ್ಕದ ಮಟ್ಟು ಊರಿನ ಗುಳ್ಳ ಬದನೆ ಎಲ್ಲರಿಗೂ ಗೊತ್ತು. ಸೋದೆ ಮಠದ ವಾದಿರಾಜರು ಬೀಜ ಕೊಟ್ಟದ್ದು ಅನ್ನುವ ನಂಬಿಕೆ, 2011ರಲ್ಲಿ ಭೌಗೋಳಿಕ ಗುರುತು ಕೂಡ ಸಿಕ್ಕಿದೆ. ಆ ಊರಿನ ಮಣ್ಣಿನಲ್ಲಿ ಬೆಳೆದದ್ದಕ್ಕೆ ಮಾತ್ರ ಮಟ್ಟುಗುಳ್ಳ ಅನ್ನಬೇಕು, ನನ್ನ ಚೀಲದ್ದು ಬರೇ ಗುಳ್ಳ. ಅಲ್ಲಿ ಭತ್ತದ ಕೊಯ್ಲಾದ ಮೇಲೆ ಗದ್ದೆಯಲ್ಲಿ ನೆಡುತ್ತಾರೆ. ನೆಡುವಾಗ ತಿಂಗಳು ತುಂಬಿದ ಸಸಿ ಬೇಕು, ಅಂದರೆ ಮಳೆ ಸುರಿಯುತ್ತಿರುವಾಗಲೇ ಬೀಜ ಮೊಳೆಸಬೇಕು. ಹೊರಗೆ ಬಿತ್ತಿದ್ದು ಕತ್ತು ಕೊಳೆತು ಮಲಗಿತು. ಟ್ಯೂಬಿನ ಕೆಳಗಿನ ಟ್ರೇಯಲ್ಲಿ ಬಿತ್ತಿದ್ದು ದಪ್ಪ ದಂಟಿನ, ಮೋಟು ಸಸಿಗಳಾಗಿ ನಿಂತವು. ಗಾಳಿಯ ಅಭ್ಯಾಸ ಆಗಲಿ ಅಂತ ಸಣ್ಣ ಫ್ಯಾನನ್ನು ದಿನಕ್ಕೆ ಸ್ವಲ್ಪ ಹೊತ್ತು ತಿರುಗಿಸುತ್ತಿದ್ದೆ. ಮಳೆ ಬಿಡುವು ಕೊಟ್ಟ ಮೇಲೆ ಮೊದಲು ಬಾಲ್ಕನಿಯ ನೆರಳಿಗೆ, ಆಮೇಲೆ ಒಂದು ಗಂಟೆ ಬಿಸಿಲಿಗೆ, ದಿನದಿಂದ ದಿನಕ್ಕೆ ಹೆಚ್ಚಿಸುತ್ತಾ ಒಂದು ವಾರ ಕಳೆದು ಟೆರೇಸಿಗೆ ಏರಿಸಿದೆ. ನೇರವಾಗಿ ಬಿಸಿಲಿಗೆ ಇಟ್ಟರೆ ಎಲೆ ಬೆಳ್ಳಗೆ ಸುಡುತ್ತದೆ. ಡಿಸೆಂಬರ್ ಕೊನೆಗೆ ಮೊದಲ ಗುಳ್ಳದ ಸಾಂಬಾರು ಆಯಿತು.

ನವೆಂಬರಿನಿಂದ ಫೆಬ್ರವರಿವರೆಗೆ ನಮ್ಮ ಊರಿನಲ್ಲಿ ಹೊರಗೆ ಬೆಳೆಸುವಷ್ಟು ಸುಲಭ ಬೇರೆ ಇಲ್ಲ. ಹರಿವೆ, ಬಸಳೆ, ಅಲಸಂಡೆ, ಮೆಣಸು ಯಾವುದು ಹಾಕಿದರೂ ಬರುತ್ತದೆ. ಕೊತ್ತಂಬರಿಯನ್ನೂ ಬಾಲ್ಕನಿಗೆ ದಾಟಿಸಿ ಟ್ಯೂಬ್ ಆರಿಸಿಬಿಟ್ಟೆ. ಮೀನು ತೊಳೆದ ನೀರು ಕರಿಬೇವಿನ ಗಿಡಕ್ಕೆ, ಅಕ್ಕಿ ತೊಳೆದ ನೀರು ಬಸಳೆಗೆ. ಒಳಗಿನ ಕುಂಡಕ್ಕೆ ಮೀನಿನ ನೀರು ಹಾಕುವ ಹಾಗಿಲ್ಲ, ಮನೆಯೆಲ್ಲ ವಾಸನೆ.

ಬೇಸಿಗೆಯಲ್ಲಿ ನೀರಿನ ಚಿಂತೆ. ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದು, ಮಂಗಳೂರಿಗೆ ದಿನ ಬಿಟ್ಟು ದಿನ ನೀರು ಬಿಟ್ಟ ವರ್ಷಗಳೂ ಇವೆ. ಏಪ್ರಿಲ್‌ನಲ್ಲಿ ಟೆರೇಸಿನ ಚೀಲಕ್ಕೆ ದಿನಕ್ಕೆರಡು ಸಲ ನೀರು ಬೇಕಾಗುತ್ತದೆ. ಬಾಲ್ಕನಿಗೆ ಒಂದು ಸಲ, ಒಳಗಿನದ್ದಕ್ಕೆ ಎರಡು ದಿನಕ್ಕೊಮ್ಮೆ. ನೀರಿನ ಲೆಕ್ಕದಲ್ಲಿ ಒಳಗಿನ ಗಿಡ ಗೆಲ್ಲುತ್ತದೆ ಅನ್ನುವುದನ್ನು ಒಪ್ಪಲೇಬೇಕು. ಎಸಿಯ ಪೈಪಿನಿಂದ ಬೀಳುವ ನೀರನ್ನು ಬಕೆಟಿನಲ್ಲಿ ಹಿಡಿದು ಅದರಿಂದಲೇ ಬಾಲ್ಕನಿ ನಡೆಸಿದೆ. ಗುಳ್ಳ ಮುಗಿದ ಚೀಲಗಳನ್ನು ಬಿಸಿಲಿಗೆ ಒಣಗಲು ಬಿಟ್ಟೆ.

ಕೆಳಗಿನ ಮನೆಯ ಆಂಟಿಗೆ ಬಾಲ್ಕನಿ ಇಲ್ಲ, ಉತ್ತರಕ್ಕೆ ಒಂದು ಕಿಟಕಿ ಮಾತ್ರ. ಅಂಥವರಿಗೂ ದಾರಿ ಉಂಟು. ಕಿಟಕಿಯ ಗ್ರಿಲ್ಲಿನಲ್ಲಿ ದೊಡ್ಡಪತ್ರೆ ಮತ್ತು ಪುದೀನ ಬೆಳೆಯುತ್ತವೆ. ಅಡುಗೆಮನೆಯ ಕಟ್ಟೆಯ ಮೇಲೆ ಮೆಂತ್ಯ, ಸಾಸಿವೆ, ಹೆಸರುಕಾಳಿನ ಮೊಳಕೆ ಸೊಪ್ಪು, ಈಗ ಮೈಕ್ರೋಗ್ರೀನ್ಸ್ ಅನ್ನುತ್ತಾರಲ್ಲ, ಅದನ್ನು ಮಾಡಬಹುದು. ಮಿಠಾಯಿ ಡಬ್ಬಿಯ ಅಡಿಗೆ ತೂತು ಮಾಡಿ ಎರಡು ಬೆರಳು ನಾರಿನ ಹುಡಿ ಹರಡಿ, ನೆನೆಸಿದ ಕಾಳನ್ನು ಒತ್ತೊತ್ತಾಗಿ ಉದುರಿಸಿ, ಮೊಳಕೆ ಕಾಣುವವರೆಗೆ ಮುಚ್ಚಿಡಬೇಕು. ಒಂದರಿಂದ ಎರಡು ವಾರದಲ್ಲಿ ಕತ್ತರಿಸಬಹುದು. ಸೊಪ್ಪಿಗೆ ಬೇಕಾದ ಆಹಾರ ಕಾಳಿನಲ್ಲೇ ಇರುವುದರಿಂದ ಗೊಬ್ಬರ ಬೇಡ, ಉತ್ತರದ ಕಿಟಕಿಯ ಬೆಳಕೇ ಸಾಕು. ಆಂಟಿ ಈಗ ಎರಡು ಡಬ್ಬಿ ಸರದಿಯಲ್ಲಿ ಇಡುತ್ತಾರೆ, ಒಂದು ಮುಗಿಯುವಾಗ ಇನ್ನೊಂದು ತಯಾರು. ಕಾಳು ಅಡುಗೆಮನೆಯ ಡಬ್ಬಿಯದ್ದೇ ಆಗಬೇಕು. ಬಿತ್ತನೆಗೆ ಅಂತ ಮಾರುವ ಬೀಜಕ್ಕೆ ಔಷಧಿ ಹಚ್ಚಿರುತ್ತಾರೆ, ಗುಲಾಬಿಯೋ ಹಸಿರೋ ಬಣ್ಣ ಮೆತ್ತಿದ್ದರೆ ಅದನ್ನು ಇದಕ್ಕೆ ಬಳಸಬೇಡಿ.